ನಾಲ್ಕು ಬೆರಳಿನ ಸನ್ನೆ

ಮೊದಲ ಚೆಂಡು ನನ್ನ ಎಡಗೈ ತೋರುಬೆರಳಿನ ಬುಡಕ್ಕೆ ಬಡಿಯಿತು. ಗ್ಲೌಸಿನ ಒಳಗೇ ಬಡಿದದ್ದು, ಆದರೂ ಕಣ್ಣಲ್ಲಿ ನೀರು ಬಂತು. ನಾನು ಏಳಲಿಲ್ಲ. ಕುಕ್ಕರಗಾಲಲ್ಲಿ ಕೂತಲ್ಲಿಂದಲೇ ಚೆಂಡನ್ನು ವಾಪಸ್ ಎಸೆದು ಮತ್ತೆ ಗ್ಲೌಸ್ ಒಡ್ಡಿದೆ. ಎದುರಿಗೆ, ಅರವತ್ತು ಅಡಿ ಆಚೆ ನಿಂತಿದ್ದ ಜಪಾನಿನ ಪಿಚರ್ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಎರಡನೆಯದನ್ನೂ ಅಷ್ಟೇ ಜೋರಾಗಿ ಎಸೆದರು.

ಆಗ ನಾನು ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿ ತಂಡಕ್ಕೆ ಸಾಫ್ಟ್‌ಬಾಲ್ ಆಡಿದ್ದೆ. ನನ್ನದು ಕ್ಯಾಚರ್ ಜಾಗ. ಬ್ಯಾಟ್ ಹಿಡಿದವರ ಹಿಂದೆ ಕೂತು, ಪಿಚರ್ ಎಸೆಯುವ ಪ್ರತಿ ಚೆಂಡನ್ನೂ ಹಿಡಿಯಬೇಕು, ಮುಂದಿನದನ್ನು ಹೇಗೆ ಎಸೆಯಬೇಕೆಂದು ಬೆರಳಿನ ಸನ್ನೆಯಲ್ಲಿ ಹೇಳಬೇಕು. ಸಾಫ್ಟ್‌ಬಾಲಿನ ಚೆಂಡು ದಪ್ಪ, ಕೆಳಗಿನಿಂದ ಬರುತ್ತದೆ. ಬೇಸ್‌ಬಾಲಿನ ಚೆಂಡು ಸಣ್ಣದು, ಕಲ್ಲಿನಂಥದ್ದು, ಭುಜದ ಮೇಲಿಂದ ಇಳಿದು ಬರುತ್ತದೆ. ಅದನ್ನು ನಾನು ಅದುವರೆಗೆ ಹಿಡಿದೇ ಇರಲಿಲ್ಲ. ಆದರೂ ಆ ಕೆಲಸಕ್ಕೆ ಹಾಸನದ ಸುತ್ತಮುತ್ತ ಅವರಿಗೆ ಸಿಕ್ಕಿದ್ದು ನಾನೊಬ್ಬಳೇ.

ಪಿಚರ್ ಜಪಾನಿನ ವೃತ್ತಿಪರ ಲೀಗಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಆಡಿದವರು. ಆ ವರ್ಷದ ಸೀಸನ್ ಮುಗಿಯುತ್ತಲೇ ತಂಡ ಅವರನ್ನು ಕೈಬಿಟ್ಟಿತ್ತು. ಅವರ ಭಾವ, ಎಂದರೆ ಅಕ್ಕನ ಗಂಡ, ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ಜಪಾನಿನ ಪತ್ರಿಕೆಯವರ ಕಣ್ಣಿಗೆ ಬೀಳದೆ ತಯಾರಾಗಲು ಪಿಚರ್ ಅಕ್ಕನ ಮನೆಗೆ ಬಂದಿದ್ದರು. ತೈವಾನಿನ ತಂಡವೊಂದರ ಇಬ್ಬರು ತರಬೇತಿ ಶಿಬಿರಕ್ಕೆಂದು ಬೆಂಗಳೂರಿಗೆ ಬರುವವರಿದ್ದರು. ಅವರು ಒಂದು ದಿನ ಹಾಸನಕ್ಕೆ ಬಂದು ಇವರ ಎಸೆತ ನೋಡುವುದೆಂದು ಭಾವ ಮಾತಾಡಿ ಒಪ್ಪಿಸಿದ್ದರು.

ನನ್ನನ್ನು ಹುಡುಕಿಕೊಂಡು ಬಂದವರು ಅದೇ ಕಾರ್ಖಾನೆಯ ದುಭಾಷಿ. ಶಾಂತಿಗ್ರಾಮದ ರೈತ ಮನೆತನದವರು, ನಲವತ್ತು ದಾಟಿದವರು, ಕೆಲಸದ ತರಬೇತಿಗೆ ಜಪಾನಿಗೆ ಹೋಗಿದ್ದಾಗ ಭಾಷೆ ಕಲಿತವರು. ಅವರ ಮಗಳು ನನ್ನ ವಿದ್ಯಾರ್ಥಿನಿ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಪಿಚರ್ ಆಡಿದ ಮಾತೆಲ್ಲ ನನಗೆ ಕೇಳಿದ್ದು ಅವರ ಬಾಯಿಂದ, ಶಾಂತಿಗ್ರಾಮದ ಕನ್ನಡದಲ್ಲಿ.

"ಮೇಡಂ, ಏಳ್ತಾವ್ರೆ, ಚೆಂಡ ಇಡಿಯಾಕೆ ನೀವು ಮುಂದುಕ್ ಓಗ್ಬ್ಯಾಡಿ, ಅದು ಬರೋಗಂಟ ಕಾಯಿ ಅಂತ," ಎಂದರು ಆ ಮೊದಲ ದಿನ. ಅಲ್ಲಿಂದ ಕಲಿಕೆ ಶುರುವಾಯಿತು.

ಜಾಗ ಅಣ್ಣನ ಮನೆಯದೇ. ಹೆದ್ದಾರಿಯಿಂದ ಒಳಗೆ ಅವರ ಹೊಲದ ಅಂಚಿನಲ್ಲಿ ಹಳೆಯ ಕಣವಿತ್ತು. ರಾಗಿ ಒಕ್ಕಲು ಈಗ ಮಿಷನ್ ಬರುವುದರಿಂದ ಅದು ಸುಮ್ಮನೆ ಬಿದ್ದಿತ್ತು. ಪಿಚರ್ ನಿಂತು ಎಸೆಯಲು ಹತ್ತು ಅಂಗುಲ ಎತ್ತರದ ದಿಬ್ಬ ಬೇಕು. ಅಣ್ಣ ಹುತ್ತದ ಮಣ್ಣು ತರಲು ಹೊರಟಾಗ ಅವರ ತಾಯಿ ತಡೆದರು. "ಲೇ, ಉತ್ತ ಮುಟ್ಬ್ಯಾಡ ಕಣ್ಲಾ. ಕೆರೆ ಮಣ್ಣು ತಕಂಬಂದು ಆಕು. ಅದ್ಕಿಂತ ಗಟ್ಟಿ ಯಾವ್ದೈತೆ." ಕೆರೆಮಣ್ಣಿಗೆ ಕೆಮ್ಮಣ್ಣು ಬೆರೆಸಿ, ನೀರು ಚಿಮುಕಿಸಿ, ದಿಮ್ಮಸು ಹಾಕಿದೆವು. ಪಿಚರ್ ಕಾಲು ಊರಿ ತಳ್ಳುವ ಕಡೆ ಕಾರ್ಖಾನೆಯ ಹಳೇ ಕನ್ವೇಯರ್ ಬೆಲ್ಟಿನ ತುಂಡು ಹೂತೆವು. ಇಳಿಜಾರು ಸರಿಹೋಗದೆ ಪಿಚರ್ ಮೂರು ಸಲ ಕೆಡವಿ ಕಟ್ಟಿಸಿದರು. ನಾಲ್ಕನೆಯ ಸಲ ಅವರೇ ಮಂಡಿಯೂರಿ ಕೂತು ಅಂಗೈಯಿಂದ ಸವರಿ ಮುಗಿಸಿದರು. ಅವತ್ತೇ ನನಗೆ ಅವರ ಮೇಲೆ ಗೌರವ ಬಂದದ್ದು.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಮೊದಲ ಬಸ್ಸಿಗೆ ಬಂದು ಶಾಂತಿಗ್ರಾಮದಲ್ಲಿ ಇಳಿಯುತ್ತಿದ್ದೆ. ಎರಡು ತಾಸು ಹಿಡಿದು, ಬೆಲ್ ಹೊಡೆಯುವುದರೊಳಗೆ ಶಾಲೆಗೆ ವಾಪಸ್. ಮುಖಕ್ಕೆ ಕಾಲೇಜು ಕಾಲದ ಮಾಸ್ಕ್, ಕಾಲಿಗೆ ಕ್ರಿಕೆಟ್ ಕೀಪರ್ ಪ್ಯಾಡು. ಕ್ಯಾಚರ್ ಗ್ಲೌಸ್ ಮಾತ್ರ ಅವರೇ ತಂದದ್ದು. ಹೊಸದು, ಹಲಗೆಯಷ್ಟು ಗಡುಸು. ಎಣ್ಣೆ ಹಚ್ಚಿ ಮೆತ್ತಗೆ ಮಾಡುತ್ತೇನೆ ಎಂದರೆ ಒಪ್ಪಲಿಲ್ಲ. ಚೆಂಡು ಹಿಡಿದೇ ಅದು ಮೆತ್ತಗಾಗಬೇಕಂತೆ, ಹಿಡಿದವರ ಅಂಗೈ ಆಕಾರಕ್ಕೆ.

ಅವರು ಕಲಿಸಿದ್ದರಲ್ಲಿ ನನಗೆ ತೀರಾ ಹೊಸದಾಗಿದ್ದದ್ದು ಸದ್ದು. ಗ್ಲೌಸಿನ ಯಾವ ಜಾಗದಲ್ಲಿ ಚೆಂಡು ಬಿದ್ದರೆ 'ಠಪ್' ಎಂದು ತುಂಬಿದ ಸದ್ದು ಬರುತ್ತದೋ ಅಲ್ಲೇ ಹಿಡಿಯಬೇಕು. ಆ ಸದ್ದು ಕೇಳಿದರೆ ಪಿಚರ್‌ಗೆ ತನ್ನ ಕೈ ಮೇಲೆ ನಂಬಿಕೆ ಬರುತ್ತದೆ. ಜಪಾನಿನಲ್ಲಿ ಬುಲ್‌ಪೆನ್ ಕ್ಯಾಚರ್ ಎಂಬ ಕೆಲಸವೇ ಇದೆಯಂತೆ. ಅವರು ಪಂದ್ಯ ಆಡುವುದಿಲ್ಲ. ಪಿಚರ್‌ಗಳು ಕೈ ಬಿಸಿಮಾಡಿಕೊಳ್ಳುವಾಗ ಹಿಡಿಯುವುದಷ್ಟೇ ಅವರ ಜೀವಮಾನದ ಕೆಲಸ. ಒಳ್ಳೆಯ ಸದ್ದು ಬರಿಸುವವರಿಗೆ ಅಲ್ಲಿ ಮರ್ಯಾದೆ. ನನಗೆ ಅದು ಒಲಿಯಲು ಮೂರು ವಾರ ಬೇಕಾಯಿತು. ಎಡಗೈ ಬೆರಳು ಊದಿ, ಶಾಲೆಯಲ್ಲಿ ವಿಷಲ್ ಹಿಡಿಯಲೂ ಬಲಗೈಯೇ ಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಅಣ್ಣನ ತಾಯಿ ಕಾಫಿ ತಂದುಕೊಡುತ್ತಾ, "ಇವತ್ತು ಅಟ್ಟಿಗಂಟ ಕೇಳುಸ್ತು ಕಣವ್ವ, ಪಟಾಕಿ ಒಡ್ದಂಗೆ," ಎಂದರು. ಅಣ್ಣ ಅದನ್ನು ಜಪಾನಿಯಲ್ಲಿ ಹೇಳಿದಾಗ ಪಿಚರ್ ಮೊದಲ ಸಲ ನಕ್ಕರು.

ಬಿಡುವಿನಲ್ಲಿ ಅಷ್ಟಿಷ್ಟು ಹೇಳಿಕೊಳ್ಳುತ್ತಿದ್ದರು. ಹೈಸ್ಕೂಲಿನಿಂದ ನೇರ ತಂಡದ ಹಾಸ್ಟೆಲ್ಲಿಗೆ ಹೋದದ್ದು, ಹಿರಿಯರ ಶೂ ಒರೆಸಿದ್ದು, ಎರಡು ವರ್ಷ ಸ್ಟೇಡಿಯಂ ತುಂಬ ತಮ್ಮ ಹೆಸರು ಕೂಗಿಸಿಕೊಂಡದ್ದು. ಆಮೇಲೆ ಮೊಣಕೈ ಆಪರೇಷನ್. ಮಣಿಕಟ್ಟಿನ ಸ್ನಾಯುರಜ್ಜು ತೆಗೆದು ಮೊಣಕೈಗೆ ಕಟ್ಟಿದ್ದರು, ಗಾಯದ ಗೆರೆ ಒಳಮಗ್ಗುಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಕೊನೆಗೆ ಒಂದು ದಿನ ಆಫೀಸಿಗೆ ಕರೆದು, ಮುಂದಿನ ವರ್ಷ ನಿಮ್ಮನ್ನು ಉಳಿಸಿಕೊಳ್ಳುವುದಿಲ್ಲ ಎಂದು ಒಂದೇ ವಾಕ್ಯ ಹೇಳಿದರಂತೆ. ಇವರು ತಲೆಬಾಗಿ, ಇಷ್ಟು ದಿನ ನೋಡಿಕೊಂಡದ್ದಕ್ಕೆ ಧನ್ಯವಾದ ಎಂದು ಬಂದರಂತೆ. "ಬಾಗ್ಲು ಆಚಿಕ್ ಬಂದ್ಮ್ಯಾಕೆ ಯಾವ್ ಕಡಿಕ್ ನಡೀಬೇಕು ಅಂತ್ಲೆ ತಿಳೀನಿಲ್ವಂತೆ," ಎಂದು ಹೇಳುವಾಗ ಅಣ್ಣನ ದನಿಯೂ ಸಣ್ಣಗಾಗಿತ್ತು.

ಜಪಾನಿನಲ್ಲಿ ಕ್ಯಾಚರನ್ನು ಪಿಚರ್‌ನ ಹೆಂಡತಿ ಅನ್ನುತ್ತಾರೆ ಎಂದೂ ಒಮ್ಮೆ ಹೇಳಿದರು. ಅಣ್ಣ ಅದನ್ನು ಹೇಳಲು ನಾಚಿ, "ಅದು ಬರೀ ಮಾತ್ಗೆ ಅನ್ನಾದು ಮೇಡಂ, ಮನೆ ನಿಭಾಯ್ಸೋರು ಅನ್ನಂಗೆ," ಎಂದು ಸೇರಿಸಿದರು.

"ಹಂಗಾದ್ರೆ ಬೈಸ್ಕೊಳ್ಳೋದೂ ನಾನೇನಾ?" ಅಂದೆ. ತಮಾಷೆಗೆ ಅಂದದ್ದು.

ಅವರ ದೊಡ್ಡ ಅಸ್ತ್ರ ಫೋರ್ಕ್ ಬಾಲ್. ತೋರುಬೆರಳು, ನಡುಬೆರಳಿನ ಸಂದಿಗೆ ಚೆಂಡು ಸಿಗಿಸಿ ಎಸೆಯುವುದು. ನೇರ ಬರುವಂತೆ ಕಂಡು, ಬ್ಯಾಟಿನ ಹತ್ತಿರ ಬಂದು ದಬಕ್ಕನೆ ಕೆಳಗಿಳಿಯುತ್ತದೆ. ಅದನ್ನು ಹಿಡಿಯಲು ಹೋಗಬಾರದು. ಎರಡೂ ಮಂಡಿ ನೆಲಕ್ಕೆ ಬಿಟ್ಟು, ಗದ್ದ ಎದೆಗೆ ಒತ್ತಿ, ಚೆಂಡು ಮೈಗೆ ಬಡಿದು ಮುಂದೆ ಬೀಳುವಂತೆ ಗೋಡೆಯಾಗಿ ಕೂರಬೇಕು. ಒಂದು ಬೆರಳು ತೋರಿಸಿದರೆ ನೇರ ಎಸೆತ, ಎರಡು ಎಂದರೆ ಕೊನೆಯಲ್ಲಿ ಪಕ್ಕಕ್ಕೆ ಜಾರುವ ಸ್ಲೈಡರ್, ನಾಲ್ಕು ಎಂದರೆ ಫೋರ್ಕ್. ಸನ್ನೆ ದೂರಕ್ಕೆ ಕಾಣಲೆಂದು ಬಲಗೈ ಉಗುರಿಗೆ ಬಿಳಿ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ಏನು ಮೇಡಂ, ಮದುವೆ ಏನಾದರೂ ಗೊತ್ತಾಯಿತಾ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು.

ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ನನಗೊಂದು ಅನುಮಾನ ಬಂತು. ಫೋರ್ಕ್ ಎಸೆದ ಪ್ರತಿ ಸಲವೂ ಅವರು ಕೈಯನ್ನು ತೊಡೆಯ ಹಿಂದೆ ಮರೆಮಾಡಿ ಕೊಡವುತ್ತಿದ್ದರು. ಅದರ ಮುಂದಿನ ನೇರ ಎಸೆತ ನನ್ನ ಗ್ಲೌಸಿಗೆ ಒಂದು ಗೇಣು ಎಡಕ್ಕೆ ಬೀಳುತ್ತಿತ್ತು. ಮೊಣಕೈಯ ನರ ನೊಂದರೆ ಅದು ಕಿರುಬೆರಳಿನಲ್ಲಿ ಗೊತ್ತಾಗುತ್ತದೆ ಎಂದು ಪಿ.ಟಿ. ಓದುವಾಗ ಕಲಿತಿದ್ದೆ. ನಾನು ಎದ್ದು ದಿಬ್ಬದ ಹತ್ತಿರ ಹೋಗಿ, ಕಿರುಬೆರಳು ಜುಮ್ಮೆನ್ನುತ್ತಿದೆಯಾ ಎಂದು ಕೇಳಿದೆ. ಅವರು ಹೌದು ಎಂದರು. ಭಾವನಿಗೂ ಹೇಳಿಲ್ಲವಂತೆ.

ಅವತ್ತು ಒಂದು ಒಪ್ಪಂದ ಮಾಡಿಕೊಂಡೆವು. ತೈವಾನಿನವರ ಮುಂದೆ ಎಸೆಯುವ ದಿನದವರೆಗೂ ಫೋರ್ಕ್ ಬೇಡ, ಸ್ಲೈಡರ್ ಮಸೆಯೋಣ. ಅವತ್ತು ಕೂಡ ನಾನು ನಾಲ್ಕು ಬೆರಳು ತೋರಿಸಿದರೆ ಮಾತ್ರ ಫೋರ್ಕ್. ಅವರು ಟೋಪಿ ತೆಗೆದು ತಲೆಬಾಗಿ ಒಪ್ಪಿದರು. ಅಷ್ಟೇ ಅಲ್ಲ, ತಮ್ಮನ್ನು ತೆಗೆದುಕೊಂಡರೆ ನನ್ನನ್ನೂ ಬುಲ್‌ಪೆನ್ ಕ್ಯಾಚರ್ ಆಗಿ ತೆಗೆದುಕೊಳ್ಳಲು ಆ ತಂಡಕ್ಕೆ ಹೇಳುತ್ತೇನೆ ಎಂದರು.

ನಾನು ಅಣ್ಣನ ಮುಖ ನೋಡಿದೆ. "ಸರಿಯಾಗಿ ಕೇಳುಸ್ಕೊಂಡ್ರಾ? ಹೆಂಗಸನ್ನ ತಗೋತಾರಾ?"

ಅಣ್ಣ ಕೇಳಿ ಹೇಳಿದರು. "ಗ್ಲೌಸಿಗೆ ಗಂಡು ಎಣ್ಣು ಅಂತ ಇಲ್ಲ ಅಂತಾವ್ರೆ. ಸದ್ದು ಬಂದ್ರೆ ಸಾಕಂತೆ."

ಆ ಮಾತು ನನ್ನನ್ನು ಹಿಡಿದುಬಿಟ್ಟಿತು. ಆಟ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಸಾಲಾಗಿ ನಿಲ್ಲಿಸುವುದು, ಸಮವಸ್ತ್ರ ನೋಡುವುದು, ಬೇರೆ ಟೀಚರ್ ರಜೆ ಹಾಕಿದರೆ ಆ ಕ್ಲಾಸು ಕಾಯುವುದು, ಇದೇ ನನ್ನ ಕೆಲಸವಾಗಿತ್ತು. ಡಿಸೆಂಬರಿನಲ್ಲಿ ಶಾಲೆಯ ಕ್ರೀಡಾಕೂಟದ ತಯಾರಿ ಬೆಳಗಿನ ಹೊತ್ತಿಗೇ ಬಂತು. ಕಾರ್ಯದರ್ಶಿಗಳು ಕರೆದು, ಆ ಜಪಾನಿನವರೋ ನಮ್ಮ ಶಾಲೆಯೋ ನೀವೇ ತೀರ್ಮಾನ ಮಾಡಿ ಎಂದರು. ಅರಕಲಗೂಡಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಬರ್ದು ಕೊಟ್ಟವ್ರಾ? ಬಾಯ್ಮಾತಾ?" ಎಂದು ಕೇಳಿದಳು. ಬಾಯಿಮಾತು ಎಂದೆ. "ನೀನು ನಂಬ್ತೀಯ ಅಂದ್ರೆ ಸರಿ ಮಗ," ಅಂದಳು. ನಾನು ನಂಬಿದ್ದೆ. ರಾಜೀನಾಮೆ ಕೊಟ್ಟೆ.

ತೈವಾನಿನವರು ಬರಲು ಇನ್ನು ಒಂದು ವಾರ ಇದೆ ಎನ್ನುವಾಗ ಮೊದಲ ಪೆಟ್ಟು ಬಿತ್ತು. ಪಿಚರ್‌ಗೆ ಬೆಳಿಗ್ಗೆ ಬರುವಾಗಲೇ ಸುಸ್ತು ಇರುತ್ತಿತ್ತು. ಏಕೆಂದು ಅಣ್ಣನನ್ನು ಕೇಳಿದರೆ, "ಸಂಜೆ ಪ್ಯಾಕ್ಟರಿ ಹಿಂದ್ಗಡೆ ಬಲೆ ಕಟ್ಕಂಡು ಎಸೀತಾರಲ್ಲ ಮೇಡಂ, ಅದ್ಕೇಯ," ಎಂದುಬಿಟ್ಟರು. ನನಗೆ ಗೊತ್ತಿದೆ ಎಂದು ಅವರು ತಿಳಿದಿದ್ದರು. ಬಲೆಗೆ ಎಸೆಯುತ್ತಿದ್ದದ್ದು ಫೋರ್ಕ್. ನಾನು ಬೇಡ ಎಂದ ದಿನದಿಂದಲೂ ಅದೇ ನಡೆದಿತ್ತು. ಪಿಚರನ್ನು ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಆ ಎಸೆತವಿಲ್ಲದೆ ತಮ್ಮನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ಭಯ, ಕ್ಷಮಿಸಿ, ಇನ್ನು ಇಲ್ಲ ಎಂದರು. ಭಯ ನನಗೆ ಅರ್ಥವಾಯಿತು. ಕ್ಷಮಿಸಿದೆ.

ಹಾಸನದ ಮೈದಾನದಲ್ಲೂ ಒಂದು ದಿಬ್ಬ ಕಟ್ಟಿದ್ದೆವು. ಅಲ್ಲಿಗೆ ತೈವಾನಿನ ಇಬ್ಬರೂ ಮಧ್ಯಾಹ್ನ ಬಂದರು. ಒಬ್ಬರು ವಯಸ್ಸಾದ ಕೋಚ್, ಹಿಂದೆ ಜಪಾನಿನಲ್ಲಿ ಆಡಿದವರು, ಜಪಾನಿ ಮಾತಾಡಬಲ್ಲವರು. ಇನ್ನೊಬ್ಬರ ಕೈಯಲ್ಲಿ ವೇಗ ಅಳೆಯುವ ಯಂತ್ರ. ನಾನು ಒಂದು ಬೆರಳು ತೋರಿಸುತ್ತಾ ಹೋದೆ. ಚೆಂಡು ಒಂದೊಂದೂ ಗ್ಲೌಸಿನ ಮಡಿಲಿಗೆ ಬಂದು ಬೀಳುತ್ತಿತ್ತು. ಸದ್ದಿಗೆ ದೂರದಲ್ಲಿ ವಾಕ್ ಮಾಡುತ್ತಿದ್ದವರು ತಿರುಗಿ ನೋಡಿದರು. ಸ್ಲೈಡರ್ ಕೂಡ ಚೂಪಾಗಿತ್ತು. ಕೋಚ್ ತಲೆಯಾಡಿಸಿದ್ದು ಕಂಡಿತು. ಆಮೇಲೆ ಅವರು ಫೋರ್ಕ್ ಕೇಳಿದರು.

ನಾನು ದಿಬ್ಬಕ್ಕೆ ಹೋದೆ. ಇಂಗ್ಲಿಷಿನಲ್ಲಿ ಒಂದೇ ಒಂದು ಎಂದೆ. ಅವರು ಹೂಂ ಎಂದರು. ವಾಪಸ್ ಬಂದು ನಾಲ್ಕು ಬೆರಳು ತೋರಿಸಿದೆ. ಅದು ನಾನು ನೋಡಿದ ಅತ್ಯುತ್ತಮ ಫೋರ್ಕ್. ಇದ್ದಕ್ಕಿದ್ದಂತೆ ನೆಲಕ್ಕಿಳಿದು ನನ್ನ ಎದೆಗೆ ಬಡಿದು ಕಾಲ ಬಳಿ ನಿಂತಿತು. ಮುಂದೆ ಒಂದು ಬೆರಳು ತೋರಿಸಿದೆ. ಅವರು ತಲೆ ಅಡ್ಡ ಆಡಿಸಿದರು. ಎರಡು ತೋರಿಸಿದೆ. ಮತ್ತೆ ಅಡ್ಡ. ನಾನು ಬೆರಳು ಮಡಚಿಕೊಂಡು ಸುಮ್ಮನೆ ಕೂತೆ. ಸನ್ನೆಯಿಲ್ಲದೆಯೇ ಅವರು ಫೋರ್ಕ್ ಎಸೆದರು, ಒಂದರ ಹಿಂದೆ ಒಂದು. ಕೊನೆಯದು ನನ್ನಿಂದ ಎರಡು ಮಾರು ಮುಂದೆ ಬಿದ್ದು ಪಕ್ಕಕ್ಕೆ ಹಾರಿತು. ಆಮೇಲಿನ ನೇರ ಎಸೆತಗಳಲ್ಲಿ ಜೀವವಿರಲಿಲ್ಲ. ಯಂತ್ರ ಹಿಡಿದವರು ಕೋಚ್ ಕಿವಿಯಲ್ಲಿ ಏನೋ ಹೇಳಿದರು.

ಕೋಚ್ ಪಿಚರನ್ನು ಕರೆದು ಮೊಣಕೈ ತೋರಿಸಿ ಕೇಳಿದರು. ನಾನು ಮಾಸ್ಕ್ ತೆಗೆದು ಅಣ್ಣನ ಪಕ್ಕ ನಿಂತಿದ್ದೆ. ಪಿಚರ್ ಉದ್ದವಾಗಿ ಮಾತಾಡಿದರು, ನಡುವೆ ಎರಡು ಸಲ ನನ್ನ ಕಡೆ ಕೈ ತೋರಿಸಿದರು. ಕೋಚ್ ನನ್ನನ್ನು ನೋಡಿದರು.

"ಏನಂದ್ರು ಅಣ್ಣಾ?"

ಅಣ್ಣ ಗಂಟಲು ಸರಿಮಾಡಿಕೊಂಡರು. "ನಿಮ್ ಬಗ್ಗೆಯ. ಬಾಳ ಸಾಯ ಮಾಡವ್ರೆ ಅಂತ."

ನಾನು ನಕ್ಕು, ಅವರಂತೆಯೇ ಸೊಂಟ ಬಗ್ಗಿಸಿ ತಲೆಬಾಗಿದೆ. ಪಿಚರ್ ಬೇರೆ ಕಡೆ ನೋಡಿದರು.

ಹತ್ತು ದಿನ ಬಿಟ್ಟು ಬೆಂಗಳೂರಿನಲ್ಲಿ ಇನ್ನೊಮ್ಮೆ ನೋಡುತ್ತೇವೆ ಎಂದು ಹೇಳಿ ಅವರು ಹೊರಟರು. ಕಾರು ಹತ್ತುವ ಮುಂಚೆ ಕೋಚ್ ನನ್ನ ಹತ್ತಿರ ಬಂದು ತಮ್ಮ ಕಾರ್ಡ್ ಕೊಟ್ಟು, ನಿಧಾನವಾದ ಇಂಗ್ಲಿಷಿನಲ್ಲಿ, ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: ಇನ್ನು ಮೇಲೆ ಇಷ್ಟು ಫೋರ್ಕ್ ಕೇಳಬೇಡಿ. ಪಿಚರ್ ಕೈ ಕ್ಯಾಚರ್ ಜವಾಬ್ದಾರಿ.

ಕಾರು ಹೋದ ಮೇಲೆ ಅಣ್ಣನ ಮುಂದೆ ನಿಂತೆ. "ಪಿಚರ್ ಅಂದದ್ದು ಅಂದ ಹಾಗೇ ಹೇಳಿ."

ಅಣ್ಣ ಮೈದಾನದ ಕಟ್ಟೆ ಮೇಲೆ ಕೂತರು. ಟೋಪಿ ಮಡಚುತ್ತಾ ಬಿಡಿಸುತ್ತಾ ಹೇಳಿದರು. "ಕೈ ಚೆನ್ನಾಗೈತೆ ಅಂದ್ರು. ಈಯಮ್ಮ ಸಾಪ್ಟ್‌ಬಾಲ್ನೋರು, ಬೇಸ್‌ಬಾಲ್ ತಿಳೀದು, ಎರಡು ತಿಂಗ್ಳಿಂದ ದಿನಾ ಪೋರ್ಕೇ ಎಸ್ಯಾಕೆ ಏಳ್ತಾ ಇದ್ರು, ಅದ್ಕೇ ಕೈ ದಣ್ದೈತೆ, ಸರಿಯಾದ್ ಕ್ಯಾಚರ್ ಕೊಟ್ರೆ ಏನೂ ತೊಂದ್ರೆ ಇಲ್ಲ ಅಂದ್ರು."

"ನೀವು ಸಹಾಯ ಮಾಡಿದ್ದಾರೆ ಅಂತ ಹೇಳಿದ್ರಿ. ನಾನು ನಕ್ಕೆ."

"ನಾನು ಅವ್ರ್ ಬಾವನ್ ಕೈಕೆಳ್ಗೆ ಕೆಲ್ಸ ಮಾಡೋನು ಕಣಮ್ಮ," ಎಂದರು.

ಪಿಚರ್ ನನ್ನನ್ನು ದೂರಿದ್ದಕ್ಕಿಂತ, ಅವರು ದೂರುತ್ತಿರುವಾಗ ನಾನು ನಕ್ಕು ತಲೆಬಾಗಿದ್ದು ನನ್ನನ್ನು ಹೆಚ್ಚು ಸುಟ್ಟಿತು. ಕೋಚ್ ಕಣ್ಣಿಗೆ ಆ ನಗು ತಪ್ಪೊಪ್ಪಿಗೆಯಂತೆ ಕಂಡಿರಬೇಕು.

ಮರುದಿನವೂ ಮೊದಲ ಬಸ್ಸಿಗೇ ಕಣಕ್ಕೆ ಹೋದೆ. ಪಿಚರ್ ಬಂದರು. ನಾನು ಕಂಡದ್ದೇ ತಡ, ನೆಲ ಮುಟ್ಟುವಂತೆ ಬಾಗಿದರು. ಬಾಗಿದವರ ಬೆನ್ನನ್ನು ನೋಡುತ್ತಾ ನಾನು ಅಣ್ಣನಿಗೆ ಹೇಳಿದೆ, "ಕೋಚಿಗೆ ಫೋನ್ ಮಾಡಿ ನಿಜ ಹೇಳೋಕೆ ಹೇಳಿ. ಆಮೇಲೆ ಎಷ್ಟು ದಿನ ಬೇಕಾದ್ರೂ ಹಿಡೀತೀನಿ."

ಉತ್ತರ ಬಂತು. "ಕೈ ನೋವು ಅಂದ್ರೆ ಅಲ್ಲಿಗೇ ಮುಗ್ದೋಯ್ತದೆ ಅಂತಾವ್ರೆ. ಅವ್ರಿಗಿರಾದು ಇದೊಂದೇಯಂತೆ."

"ನಾನು ಕೆಲಸ ಬಿಟ್ಟಿದ್ದೀನಿ ಅಂತ ಹೇಳಿ."

ಅಣ್ಣ ಹೇಳಿದರು. ಪಿಚರ್ ಒಂದೇ ಪದ ಆಡಿದರು.

"ಗೊತ್ತು ಅಂತಾವ್ರೆ."

ಗೊತ್ತಿಲ್ಲದೆ ಮಾಡಿದ್ದರೆ ಮುನಿಸಿಕೊಂಡು ಸುಮ್ಮನಾಗಬಹುದಿತ್ತು. ಗೊತ್ತಿತ್ತು. ಅಲ್ಲಿಂದ ಬಸ್ ಸ್ಟಾಪಿನವರೆಗೆ ನಡೆದು ಬಂದದ್ದು ನನಗೆ ನೆನಪಿಲ್ಲ.

ಎರಡು ದಿನ ಕೋಚ್ ಕೊಟ್ಟ ಕಾರ್ಡನ್ನು ಮುಂದಿಟ್ಟುಕೊಂಡು ಕೂತೆ. ಒಂದು ಫೋನ್ ಸಾಕಿತ್ತು. ಕಿರುಬೆರಳು ಜುಮ್ಮೆನ್ನುತ್ತದೆ, ಒಂದು ಸ್ಕ್ಯಾನ್ ಮಾಡಿಸಿ ಎಂದರೆ ಮುಗಿಯಿತು. ಅದು ನಿಜವೂ ಹೌದು. ಆದರೆ ಅವರು ನನ್ನನ್ನು ದೂರಿದ ಮೇಲೆ ನಾನು ಆಡುವ ನಿಜ ಸೇಡಾಗಿಬಿಡುತ್ತದೆ. ಕೋಚ್ ಕೂಡ ಹಾಗೆಯೇ ತಿಳಿಯುತ್ತಿದ್ದರು, ನನಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಫೋನ್ ಮಾಡಲಿಲ್ಲ.

ಮೂರನೆಯ ದಿನ ಅಣ್ಣನ ಫೋನ್ ಬಂತು. ಬೆಂಗಳೂರಿನಿಂದ ಬೇಸ್‌ಬಾಲ್ ಆಡುವ ಒಬ್ಬ ಕ್ಯಾಚರ್ ಬರುತ್ತಿದ್ದಾರೆ, ಅವರ ಹತ್ತಿರ ಇಂಥ ಗ್ಲೌಸ್ ಇಲ್ಲ. "ಆ ಗ್ಲೌಸ್ ವಾಪಸ್ ಬೇಕಂತೆ ಮೇಡಂ."

ಕಳಿಸಿಕೊಡಬಹುದಿತ್ತು. ಕಣಕ್ಕೆ ನಾನೇ ಹೋದೆ. ಗ್ಲೌಸ್ ಅಷ್ಟೊತ್ತಿಗೆ ನನ್ನ ಅಂಗೈಯಂತೆ ಮಡಚಿಕೊಳ್ಳುತ್ತಿತ್ತು. ದಿಬ್ಬದ ಮೇಲೆ ಪಿಚರ್ ಬೆನ್ನು ತಿರುಗಿಸಿ ಕೈ ಚಾಚುತ್ತಿದ್ದರು. ಹೊಸ ಕ್ಯಾಚರ್ ಇಪ್ಪತ್ತೇಳು, ಇಪ್ಪತ್ತೆಂಟರ ಗಟ್ಟಿಮುಟ್ಟಾದ ಆಸಾಮಿ. ಗ್ಲೌಸನ್ನು ಅವರ ಕೈಗೇ ಕೊಟ್ಟು, ಪಕ್ಕಕ್ಕೆ ಕರೆದು ಹೇಳಿದೆ. ಇವರು ಮೊಣಕೈ ನೋವು ಮುಚ್ಚಿಟ್ಟಿದ್ದಾರೆ. ಎಷ್ಟೇ ತಲೆಯಾಡಿಸಿದರೂ ಫೋರ್ಕ್ ಸನ್ನೆ ಕೊಡಬೇಡಿ. ಬೆಂಗಳೂರಿನಲ್ಲಿ ಕೋಚ್ ಕೇಳಿದರೂ, ಸ್ಲೈಡರ್ ನೋಡಿ ಸಾರ್ ಎಂದು ನೀವೇ ಹೇಳಿ. ಮಾತು ಮೀರಿ ಎಸೆದರೆ ಎದ್ದು ನಿಂತುಬಿಡಿ. ನಾನು ಅವತ್ತು ಎದ್ದು ನಿಲ್ಲಬೇಕಿತ್ತು.

"ಥ್ಯಾಂಕ್ಸ್ ಮೇಡಂ. ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ," ಎಂದರು ಅವರು.

ಅದನ್ನು ಏಕೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಒಳ್ಳೆಯತನವೆಂದು ಹೇಳಿಕೊಳ್ಳಲಾರೆ. ಒಂದು ಕೈಯ ಎಸೆತವನ್ನು ಅಷ್ಟು ದಿನ ಹಿಡಿದ ಮೇಲೆ ಅದು ಹಾಳಾಗುವುದನ್ನು ಬಯಸಲು ನನ್ನಿಂದ ಆಗಲಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ಹೊಸ ಕ್ಯಾಚರ್ ಹೇಳಿದಂತೆಯೇ ನಡೆದುಕೊಂಡರು. ನೇರ ಎಸೆತ, ಸ್ಲೈಡರ್, ಅಷ್ಟೇ. ತಂಡ ಪಿಚರನ್ನು ಒಂದು ಸೀಸನ್‌ಗೆ ತೆಗೆದುಕೊಂಡಿತು. ಈ ಸುದ್ದಿ ತಂದವರು ಅಣ್ಣ. ಅಷ್ಟರಲ್ಲಿ ನನಗೆ ಹೊಳೆನರಸೀಪುರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ರೂಮು ಮಾಡಿಕೊಂಡಿದ್ದೆ. ಅವರು ಹೊಲದ ಅವರೆಕಾಯಿ ಒಂದು ಚೀಲ ತಂದು ಬಾಗಿಲಲ್ಲಿ ಇಟ್ಟು, ಒಳಗೆ ಬನ್ನಿ ಎಂದರೂ ಬರದೆ ನಿಂತೇ ಹೇಳಿದರು.

"ಆ ಬೆಂಗ್ಳೂರ್ನೋರ್ನೂ ಕರ್ಕಂಡೋದ್ರು ಮೇಡಂ. ಬುಲ್‌ಪೆನ್ ಕ್ಯಾಚರ್ ಕೆಲ್ಸುಕ್ಕೆ. ಪಿಚರ್ರೇ ಏಳಿ ಮಾಡ್ಸುದ್ರಂತೆ."

ಅವರೆಕಾಯಿ ತಗೊಂಡೆ. ಕಾಫಿ ಕುಡಿದು ಹೋಗಿ ಎಂದು ಇನ್ನೊಮ್ಮೆ ಹೇಳಿದೆ. ಅವರು ಬೇಡ ಕಣಮ್ಮ ಎಂದು ಹೊರಟರು.

ಹೊಳೆನರಸೀಪುರದ ಶಾಲೆಯಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡ ಕಟ್ಟಿದ್ದೇನೆ. ಬೇಸಿಗೆಯ ಒಂದು ಸಂಜೆ ಅಭ್ಯಾಸ ಶುರುಮಾಡುವ ಹೊತ್ತಿಗೆ ಫೋನ್ ಬಂತು, ವಿದೇಶದ ನಂಬರು. ಆ ಹೊಸ ಕ್ಯಾಚರ್. ಮಾತಿನಲ್ಲಿ ಸಂಕೋಚವಿತ್ತು. ಅಲ್ಲಿ ಎಲ್ಲ ಚೆನ್ನಾಗಿದೆ, ಆದರೆ ಗ್ಲೌಸಿನ ಸದ್ದು ಮಾತ್ರ ಬರುತ್ತಿಲ್ಲ. ಪಿಚರ್‌ಗೆ ಸಮಾಧಾನವಿಲ್ಲ.

"ನೀವು ಹೆಂಗೆ ಹಿಡೀತಿದ್ರಿ ಅಂತ ಸ್ವಲ್ಪ ಹೇಳ್ತೀರಾ ಮೇಡಂ?"

"ನಂಗೆ ಫೋನ್ ಮಾಡ್ತಿರೋದು ಅವರಿಗೆ ಗೊತ್ತಾ?" ಎಂದು ಕೇಳಿದೆ.

"ಅವರೇ ಹೇಳಿದ್ದು ಮೇಡಂ. ಹಾಸನದ ಮೇಡಂನ ಕೇಳು, ಅವರಿಗೆ ಗೊತ್ತು ಅಂತ."

ನನಗೆ ಗೊತ್ತಿತ್ತು. ಗ್ಲೌಸಿನ ಯಾವ ಮಡಿಕೆ, ಮಣಿಕಟ್ಟು ಎಷ್ಟು ಸಡಿಲ, ಹೆಬ್ಬೆರಳು ಎಲ್ಲಿ, ಎಲ್ಲ ಬಾಯಿಗೆ ಬಂದು ನಿಂತಿತ್ತು.

"ಅವರೇ ನಂಗೆ ಫೋನ್ ಮಾಡ್ಲಿ ಅಂತ ಹೇಳಿ," ಅಂದೆ. "ಭಾಷೆ ಬರಲ್ಲ ಅಂತ ನೆಪ ಬೇಡ. ಹೆಂಗಾದ್ರೂ ಅರ್ಥ ಮಾಡ್ಕೋತೀನಿ."

ಫೋನ್ ಇಟ್ಟು ಮೈದಾನಕ್ಕೆ ಹೋದೆ. ಎರಡು ಸೀಸನ್ ಕಳೆದವು. ಅವರು ಫೋನ್ ಮಾಡಿಲ್ಲ.